ಮಂಗಳೂರಿನ ಮನೆಗಳಲ್ಲಿ ಚಾವಣಿ ಸೌರವಿದ್ಯುತ್

ಮನೆಯ ಮಾಡಿನ ಅಥವಾ ತಾರಸಿಯ ಮೇಲೆ ಸೌರ ಫಲಕಗಳನ್ನು ಕೂರಿಸಿ, ಹಗಲು ಹುಟ್ಟುವ ವಿದ್ಯುತ್ತನ್ನು ಮನೆಯಲ್ಲೇ ಬಳಸಿ, ಮಿಕ್ಕಿದ್ದನ್ನು ಸರಬರಾಜು ಕಂಪನಿಯ ತಂತಿಗೆ ಬಿಟ್ಟು ತಿಂಗಳ ಬಿಲ್ಲನ್ನು ಇಳಿಸಿಕೊಳ್ಳುವ ವ್ಯವಸ್ಥೆ. ಮಂಗಳೂರಿನಲ್ಲಿ ಈ ತಂತಿ ಮಂಗಳೂರು ವಿದ್ಯುತ್ ಸರಬರಾಜು ಕಂಪನಿಗೆ, ಅಂದರೆ ಮೆಸ್ಕಾಂಗೆ ಸೇರಿದ್ದು. 2002ರಲ್ಲಿ ರೂಪುಗೊಂಡ ಈ ಕಂಪನಿಯ ವ್ಯಾಪ್ತಿಯಲ್ಲಿ ಈಗ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿವೆ. ದರ ನಿಗದಿ ಮಾಡುವುದು ಬೆಂಗಳೂರಿನಲ್ಲಿರುವ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಸೋಲಾರ್ ನಡೆಯುತ್ತದೆಯೇ ಎಂಬ ಅನುಮಾನ ಸಹಜ. ಇಲ್ಲಿನ ಲಾಭನಷ್ಟವನ್ನು ಮಳೆಗಿಂತ ಹೆಚ್ಚಾಗಿ ತೀರ್ಮಾನಿಸುವುದು ಮನೆಯ ಮಾಡು ಮತ್ತು ಮನೆಯ ಬಿಲ್ಲು.

ಹಿನ್ನೆಲೆ

ಕರಾವಳಿಗೆ ಸೌರವಿದ್ಯುತ್ ಬಂದದ್ದು ಬಿಲ್ ಉಳಿಸಲು ಅಲ್ಲ, ಕರೆಂಟೇ ಇಲ್ಲದ ಮನೆಗೆ ದೀಪ ಹಚ್ಚಲು. ಕರಾವಳಿ ಮೂಲದ ಹರೀಶ್ ಹಂದೆ 1995ರಲ್ಲಿ ಜೊತೆಗೂಡಿ ಕಟ್ಟಿದ ಸೆಲ್ಕೋ ಕಂಪನಿ ಒಂದು ಫಲಕ, ಒಂದು ಬ್ಯಾಟರಿ, ಕೆಲವು ದೀಪಗಳ ಸಣ್ಣ ವ್ಯವಸ್ಥೆಗಳನ್ನು ಹಳ್ಳಿಮನೆಗಳಿಗೆ ಸಾಲದ ಮೇಲೆ ಕೊಡಿಸಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈ ಕಥೆಯಲ್ಲಿ ಬ್ಯಾಂಕುಗಳ ಪಾಲು ಸಣ್ಣದಲ್ಲ. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ಮತ್ತು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಎರಡೂ 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕಡಿಮೆ ಬಡ್ಡಿಗೆ ಸೌರದೀಪ ಸಾಲ ಕೊಡಲು ತೊಡಗಿದವು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ತನ್ನ ಸ್ವಸಹಾಯ ಸಂಘಗಳ ಮೂಲಕ ಇದೇ ಕೆಲಸ ಮಾಡಿತು. ಫಲಕವನ್ನು ಕಂತಿನಲ್ಲಿ ಕೊಳ್ಳುವ ಅಭ್ಯಾಸ ಕರಾವಳಿಯಲ್ಲಿ ಬೇರೂರಿದ್ದು ಆಗ.

ತಂತಿಗೆ ಜೋಡಿಸುವ ಸೌರವಿದ್ಯುತ್ ಶುರುವಾದದ್ದು ಆಯೋಗದ 2013ರ ದರ ಆದೇಶ ಮತ್ತು ರಾಜ್ಯದ 2014ರ ಸೌರ ನೀತಿಯ ನಂತರ. ಸಹಾಯಧನ ಪಡೆಯದ ಚಾವಣಿ ಘಟಕದಿಂದ ಬಂದ ವಿದ್ಯುತ್ತಿಗೆ ಆಗ ಯೂನಿಟ್‌ಗೆ 9 ರೂಪಾಯಿ 56 ಪೈಸೆ ಸಿಗುತ್ತಿತ್ತು. ಆ ದರ ಕಂಡು ದೊಡ್ಡ ಘಟಕ ಹಾಕಿ ಮಾರಾಟಕ್ಕೆ ಇಳಿದವರೂ ಇದ್ದರು. ಫಲಕದ ಬೆಲೆ ಇಳಿದಂತೆ ಆಯೋಗ ದರವನ್ನೂ ಇಳಿಸುತ್ತ ಬಂತು. ಇಂದು ಹೆಚ್ಚುವರಿ ಯೂನಿಟ್‌ಗೆ ಸಿಗುವುದು ಮನೆಯವರು ತಾವೇ ಕೊಡುವ ದರಕ್ಕಿಂತ ಕಡಿಮೆ. ಹಾಗಾಗಿ ಈಗ ಮಾರುವುದಕ್ಕಾಗಿ ಹಾಕುವುದು ವ್ಯರ್ಥ. ಮನೆಯ ಬಳಕೆಯಷ್ಟು ಹಾಕಿಕೊಳ್ಳುವುದೇ ಲೆಕ್ಕಕ್ಕೆ ಬರುವ ದಾರಿ.

ಬಿಸಿಲು

ಮಂಗಳೂರು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೆಯ ವಾರ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನಡುವಿನ ತಿಂಗಳುಗಳಲ್ಲಿ ಉತ್ತರಕ್ಕೆ ವಾಲಿರುತ್ತಾನೆ. ಆದರೂ ಫಲಕಗಳನ್ನು ದಕ್ಷಿಣಕ್ಕೆ ಮುಖ ಮಾಡಿ ಹತ್ತು–ಹದಿನೈದು ಡಿಗ್ರಿ ಓರೆಯಲ್ಲಿ ಇಡುವುದೇ ವಾಡಿಕೆ. ಸೂರ್ಯ ಉತ್ತರಕ್ಕಿರುವ ಆ ದಿನಗಳಲ್ಲಿ ಬಹುಪಾಲು ಮೋಡದವು. ಮೋಡದ ಬೆಳಕು ಎಲ್ಲ ಕಡೆಯಿಂದಲೂ ಚೆದುರಿ ಬರುವುದರಿಂದ ದಿಕ್ಕಿನಿಂದಾಗುವ ನಷ್ಟ ಅಲ್ಪ. ಈ ಓರೆಯಿಂದ ಇನ್ನೊಂದು ಅನುಕೂಲವಿದೆ: ಮಳೆನೀರು ನಿಲ್ಲದೆ ಜಾರಿ ಹೋಗುತ್ತದೆ.

ಒಂದು ಕಿಲೋವಾಟ್ ಘಟಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಇದು ಏರುತ್ತದೆ, ಜುಲೈಯಲ್ಲಿ ಹೆಚ್ಚುಕಡಿಮೆ ಅದರ ಅರ್ಧಕ್ಕೆ ಇಳಿಯುತ್ತದೆ. ಈ ಏರಿಳಿತ ಮನೆಯ ಬಳಕೆಯ ಏರಿಳಿತಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತದೆ ಎಂಬುದು ಮಂಗಳೂರಿನ ಅದೃಷ್ಟ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಎಸಿ, ಫ್ಯಾನು, ಫ್ರಿಜ್ ಎಲ್ಲವೂ ಓಡುತ್ತವೆ, ಬಿಲ್ ನೆತ್ತಿಗೇರುತ್ತದೆ. ಆಗ ಬಿಸಿಲೂ ಚೆನ್ನಾಗಿರುತ್ತದೆ. ಮಳೆ ಜೋರಾಗಿರುವ ತುಳುವರ ಆಟಿ ತಿಂಗಳಲ್ಲಿ ಉತ್ಪಾದನೆ ಕುಸಿದಾಗ ಎಸಿಯ ಹಂಗಿಲ್ಲ. ಫಲಕ ಬಿಸಿಯಾದಷ್ಟೂ ಅದರ ಉತ್ಪಾದನೆ ತಗ್ಗುತ್ತದೆ. ಮಧ್ಯಾಹ್ನದ ನಂತರ ಬೀಸುವ ಕಡಲ ಗಾಳಿ ಅದನ್ನು ಕೊಂಚ ತಣಿಸುತ್ತದೆ.

ಮಾಡು

ಇಲ್ಲಿ ವಿಷಯ ಜಟಿಲ. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಲ್ಲಿಂದ ಈ ಊರು ಹೆಂಚಿಗೆ ಹೆಸರುವಾಸಿ. ಹಳೆಯ ಮನೆಗಳ ಹೆಂಚಿನ ಮಾಡು ಮರದ ಪಕ್ಕಾಸು ಮತ್ತು ರೀಪುಗಳ ಮೇಲೆ ನಿಂತದ್ದು; ಹೆಂಚುಗಳನ್ನು ಅಲ್ಲಿ ಒಂದಕ್ಕೊಂದು ಸಿಕ್ಕಿಸಿರುತ್ತಾರೆ, ಅಷ್ಟೇ. ಫಲಕದ ಭಾರಕ್ಕಿಂತ ಅದನ್ನು ಜೋಡಿಸಲು ಹತ್ತುವವರ ಕಾಲು ಹೆಂಚಿಗೆ ಅಪಾಯ. ಗಾಳಿ ಎತ್ತುವ ಬಲ ಇನ್ನೊಂದು ಚಿಂತೆ. ಹೆಂಚಿನ ಸಂದಿನಿಂದ ಕೊಕ್ಕೆ ತೂರಿಸಿ ಪಕ್ಕಾಸಿಗೆ ಬಿಗಿಯಬಹುದು. ಆದರೆ ಗೆದ್ದಲು ಹಿಡಿದ ಅಥವಾ ಮಳೆಗೆ ಮೆದುವಾದ ಮರಕ್ಕೆ ಹಾಗೆ ಬಿಗಿಯುವುದು ತರವಲ್ಲ. ಇಂಥ ಮನೆಯವರು ಅಂಗಳದಲ್ಲೋ ಕಾರು ನಿಲ್ಲಿಸುವ ಜಾಗದ ಮೇಲೋ ಕಬ್ಬಿಣದ ಚೌಕಟ್ಟು ಎಬ್ಬಿಸುವುದು ಮೇಲು.

ಕಾಂಕ್ರೀಟು ಮನೆಗಳಲ್ಲೂ ಕರಾವಳಿಗೆ ಅದರದೇ ಆದ ಒಂದು ಪದ್ಧತಿ ಇದೆ. ತಾರಸಿ ಸೋರಬಾರದೆಂದು ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟ್ ಹಾಕುತ್ತಾರೆ. ಕೆಳಗೆ ಬಟ್ಟೆ ಒಣಗುತ್ತದೆ, ತೆಂಗಿನಕಾಯಿ ರಾಶಿ ಬೀಳುತ್ತದೆ. ಈ ಶೀಟಿನ ಮೇಲೆ ಅಲ್ಯೂಮಿನಿಯಂ ಪಟ್ಟಿ ಬಿಗಿದು ಫಲಕ ಕೂರಿಸುವುದು ಅಗ್ಗದ ಮತ್ತು ಬೇಗನೆ ಮುಗಿಯುವ ಕೆಲಸ. ತೂತು ಕೊರೆದ ಕಡೆ ರಬ್ಬರ್ ವಾಷರ್ ಮತ್ತು ಅಂಟು ಸರಿಯಾಗಿ ಬೀಳದಿದ್ದರೆ ಮೊದಲ ಮಳೆಗೇ ತಾರಸಿ ಒದ್ದೆ. ಹಳೆಯ ಶೀಟಿನ ಕಂಬಗಳನ್ನು ಮಳೆ ತಡೆಯಲೆಂದಷ್ಟೇ ನಿಲ್ಲಿಸಿರುತ್ತಾರೆ. ಫಲಕಕ್ಕೆ ಸಿಕ್ಕ ಗಾಳಿಯ ಎಳೆತವನ್ನು ಅವು ತಾಳುತ್ತವೆಯೇ ಎಂದು ಮೊದಲೇ ನೋಡಿಸಬೇಕು. ಒಂದು ಕಿಲೋವಾಟ್‌ಗೆ ನೆರಳಿಲ್ಲದ ಸುಮಾರು ನೂರು ಚದರ ಅಡಿ ಜಾಗ ಬೇಕು. ನೆರಳಿಲ್ಲದ ಜಾಗ ಎಂಬುದೇ ಇಲ್ಲಿ ದುರ್ಲಭ, ಏಕೆಂದರೆ ಹಿತ್ತಲಿಗೊಂದಾದರೂ ತೆಂಗಿನ ಮರ ಇರುತ್ತದೆ. ಒಂದು ಸೋಗೆಯ ನೆರಳು ಒಂದು ಫಲಕದ ಮೇಲೆ ಬಿದ್ದರೂ ಅದರ ಜೊತೆ ಸರಣಿಯಲ್ಲಿ ಜೋಡಿಸಿದ ಉಳಿದ ಫಲಕಗಳ ಉತ್ಪಾದನೆಯೂ ಕುಗ್ಗಬಹುದು. ಮೈಕ್ರೋ ಇನ್ವರ್ಟರ್ ಅಥವಾ ಆಪ್ಟಿಮೈಸರ್ ಹಾಕಿದರೆ ಪ್ರತಿ ಫಲಕ ಪ್ರತ್ಯೇಕವಾಗಿ ದುಡಿಯುತ್ತದೆ, ಖರ್ಚೂ ಏರುತ್ತದೆ. ಮೇಲಿಂದ ಬೀಳುವ ಕಾಯಿಗೆ ಮಾತ್ರ ಕಾಯಿ ಕೀಳಿಸುವುದೊಂದೇ ಪರಿಹಾರ.

ಪಣಂಬೂರು, ತಣ್ಣೀರುಬಾವಿ, ಉಳ್ಳಾಲದಂಥ ಕಡಲ ಮಗ್ಗುಲಿನ ಜಾಗಗಳಲ್ಲಿ ಉಪ್ಪು ಗಾಳಿ ಸಾದಾ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಅಲ್ಲಿ ಬಿಸಿ ಸತುವಿನಲ್ಲಿ ಅದ್ದಿದ ಉಕ್ಕು ಅಥವಾ ಅಲ್ಯೂಮಿನಿಯಂ, ಸ್ಟೇನ್‌ಲೆಸ್ ನಟ್ಟು–ಬೋಲ್ಟು, ಉಪ್ಪುಮಂಜಿನ ಪರೀಕ್ಷೆ ದಾಟಿದ ಫಲಕ ಬೇಕು. ಮುಂಗಾರಿಗೆ ಮುಂಚೆ ಮತ್ತು ಅಕ್ಟೋಬರ್‌ನಲ್ಲಿ ಸಿಡಿಲಿನ ಹಾವಳಿ ಜಾಸ್ತಿ. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ವಿದ್ಯುತ್ತನ್ನು ಸುಲಭವಾಗಿ ಇಳಿಸಿಕೊಳ್ಳದ ಕಾರಣ, ಅರ್ಥಿಂಗ್ ಗುಂಡಿಗೆ ತೇವ ಹಿಡಿಯುವ ಪುಡಿ ತುಂಬಿಸಿ ಆಗಾಗ ಅಳೆಸಬೇಕು. ಗಿರಾಕಿಗಳು ಫಲಕದ ಕಂಪನಿಯ ಹೆಸರನ್ನು ನಾಲ್ಕು ಬಾರಿ ಕೇಳುತ್ತಾರೆ, ಅರ್ಥಿಂಗ್ ಬಗ್ಗೆ ಒಮ್ಮೆಯೂ ಕೇಳುವುದಿಲ್ಲ.

ಬಿಲ್ಲು

2023–24ರಲ್ಲಿ ಗೃಹಬಳಕೆಗೆ ಎರಡು ಹಂತದ ದರವಿತ್ತು. ತಿಂಗಳ ಬಳಕೆ 100 ಯೂನಿಟ್ ದಾಟಿದರೆ ಎಲ್ಲ ಯೂನಿಟ್‌ಗೂ 7 ರೂಪಾಯಿ. 2024ರ ಏಪ್ರಿಲ್‌ನಿಂದ ಹಂತಗಳು ಹೋಗಿ ಒಂದೇ ದರ 5.90 ಆಯಿತು, 2025ರ ಏಪ್ರಿಲ್‌ನಿಂದ 5.80. ಆದರೆ ಮಂಜೂರಾದ ಲೋಡಿನ ಪ್ರತಿ ಕಿಲೋವಾಟ್‌ಗೆ ಕೊಡುವ ನಿಗದಿತ ಶುಲ್ಕ 120ರಿಂದ 145 ರೂಪಾಯಿಗೆ ಏರಿತು. ಸೋಲಾರ್ ಎಷ್ಟೇ ಹಾಕಿದರೂ ಈ ನಿಗದಿತ ಶುಲ್ಕ ತಪ್ಪುವುದಿಲ್ಲ. ‘ಸೊನ್ನೆ ಬಿಲ್’ ಎಂಬ ಜಾಹೀರಾತು ಇದನ್ನು ಹೇಳುವುದಿಲ್ಲ.

ಇನ್ನೊಂದು ಪ್ರಶ್ನೆ ಗೃಹಜ್ಯೋತಿಯದು. 2023ರಲ್ಲಿ ಜಾರಿಯಾದ ಈ ರಾಜ್ಯ ಯೋಜನೆಯಲ್ಲಿ 2022–23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿದಷ್ಟು ಯೂನಿಟ್, ಗರಿಷ್ಠ 200, ಉಚಿತ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ತಿಂಗಳಿಗೆ 120 ಯೂನಿಟ್ ಉಚಿತವಾಗಿ ಉರಿಸುವ ಮನೆಗೆ ಫಲಕ ಹಾಕಿಸಿ ಉಳಿಸಲು ಏನೂ ಇಲ್ಲ. 260 ಯೂನಿಟ್ ಬಳಸುವ, ಮೂರು ಕಿಲೋವಾಟ್ ಲೋಡಿನ ಮನೆಯ ಬಿಲ್ ತೆರಿಗೆ ಸೇರಿ ಎರಡು ಸಾವಿರ ದಾಟುತ್ತದೆ. ಸೋಲಾರ್ ಇಂಥ ಮನೆಗೆ ಸಲ್ಲುತ್ತದೆ. ಒಂದೇ ರಸ್ತೆಯ ಎರಡು ಮನೆಗಳಿಗೆ ಒಂದೇ ಸಲಹೆ ಕೊಡಲಾಗದು.

ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಆರಂಭವಾಯಿತು. ಮೊದಲ ಎರಡು ಕಿಲೋವಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನ. ಅದಕ್ಕಿಂತ ದೊಡ್ಡ ಘಟಕಕ್ಕೂ ಅಷ್ಟೇ. ಫಲಕದ ಸೆಲ್‌ಗಳು ಭಾರತದಲ್ಲಿ ತಯಾರಾದವೇ ಆಗಿರಬೇಕು. ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ನೋಂದಾಯಿತ ಮಾರಾಟಗಾರರಿಂದ ಘಟಕ ಕೂರಿಸಿ, ಮೆಸ್ಕಾಂ ಎರಡೂ ಕಡೆಯ ಲೆಕ್ಕ ಇಡುವ ಮೀಟರ್ ಹಾಕಿ ತಪಾಸಣೆ ಮುಗಿಸಿದ ಮೇಲೆ ಹಣ ಬ್ಯಾಂಕ್ ಖಾತೆಗೆ ಬರುತ್ತದೆ. 2024ರಲ್ಲಿ ತಿದ್ದಿದ ನಿಯಮದಂತೆ 10 ಕಿಲೋವಾಟ್‌ವರೆಗಿನ ಘಟಕಕ್ಕೆ ತಾಂತ್ರಿಕ ಸಾಧ್ಯತೆಯ ಅಧ್ಯಯನ ಬೇಕಿಲ್ಲ. ಮೂರು ಕಿಲೋವಾಟ್ ಘಟಕಕ್ಕೆ 1,80,000 ರೂಪಾಯಿ ಬಿತ್ತು ಎಂದಿಟ್ಟುಕೊಂಡರೆ ಕೈಯಿಂದ ಹೋಗುವುದು 1,02,000. ತಿಂಗಳಿಗೆ ಸರಾಸರಿ 300 ಯೂನಿಟ್ ಉಳಿದರೆ, 5.80ರ ದರದಲ್ಲಿ ವರ್ಷಕ್ಕೆ 20,880. ತೆರಿಗೆಯ ಉಳಿತಾಯ ಬೇರೆ. ಅಸಲು ಐದು ವರ್ಷದೊಳಗೆ ಮರಳುತ್ತದೆ. ಫಲಕಕ್ಕೆ ಸಾಮಾನ್ಯವಾಗಿ 25 ವರ್ಷದ ಕಾರ್ಯಕ್ಷಮತೆಯ ಖಾತರಿ ಇರುತ್ತದೆ. ಇನ್ವರ್ಟರ್‌ಗೆ ಅಷ್ಟು ಆಯುಷ್ಯವಿಲ್ಲ, ನಡುವೆ ಒಮ್ಮೆಯಾದರೂ ಬದಲಿಸುವ ಖರ್ಚು ಲೆಕ್ಕದಲ್ಲಿರಲಿ.

ಕರೆಂಟ್ ಹೋದಾಗ

ಹೊಸಬರಿಗೆ ಅತಿ ಹೆಚ್ಚು ನಿರಾಸೆಯಾಗುವುದು ಇಲ್ಲಿ. ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ, ತಂತಿಗೆ ಜೋಡಿಸಿದ ಸಾದಾ ಸೋಲಾರ್ ಘಟಕವೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದೆಂದು ಇನ್ವರ್ಟರ್ ತಾನಾಗಿಯೇ ಬಂದ್ ಆಗುವಂತೆ ರೂಪಿಸಿರುತ್ತಾರೆ. ಕತ್ತಲಲ್ಲೂ ದೀಪ ಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ವ್ಯವಸ್ಥೆ ಬೇಕು, ಬ್ಯಾಟರಿಗೆ ಸಹಾಯಧನವಿಲ್ಲ. ಮೊದಲೇ ಸಣ್ಣ ಇನ್ವರ್ಟರ್–ಬ್ಯಾಟರಿ ಇರುವ ಮನೆಯವರು ಅದನ್ನು ಹಾಗೆಯೇ ಇಟ್ಟುಕೊಂಡು, ಮಾಡಿನ ಮೇಲೆ ಸಾದಾ ಘಟಕ ಹಾಕಿಕೊಂಡರೆ ಸಾಕಾಗುತ್ತದೆ.

ಮಳೆಗಾಲದ ನಾಲ್ಕು ತಿಂಗಳು ಫಲಕ ತಾನೇ ತೊಳೆದುಕೊಳ್ಳುತ್ತದೆ. ಆದರೆ ಕೆಳಅಂಚಿನಲ್ಲಿ ಪಾಚಿ ಕಟ್ಟುತ್ತದೆ. ನವೆಂಬರ್‌ನಿಂದ ಮೇವರೆಗೆ ರಸ್ತೆಯ ಧೂಳು, ಹಕ್ಕಿಯ ಹಿಕ್ಕೆಗಳನ್ನು ಬೆಳಗ್ಗೆ ತಂಪು ಹೊತ್ತಿನಲ್ಲಿ ಬಾವಿ ನೀರಿನಿಂದ ತೊಳೆದರೆ ಸಾಕು.

ಅಪಾರ್ಟ್‌ಮೆಂಟ್‌ಗಳು

ಕದ್ರಿ, ಬಿಜೈ, ಬೆಂದೂರು, ಕಂಕನಾಡಿಗಳಲ್ಲಿ ಈಗ ಬಹುಮಹಡಿ ಕಟ್ಟಡಗಳೇ ಹೆಚ್ಚು. ಹತ್ತಾರು ಮನೆಗಳಿಗೆ ಒಂದೇ ತಾರಸಿ, ಅದರಲ್ಲೂ ನೀರಿನ ಟ್ಯಾಂಕು ಮತ್ತು ಲಿಫ್ಟಿನ ಕೋಣೆಯ ನೆರಳು. ನಿವಾಸಿಗಳ ಸಂಘಕ್ಕೆ ಲಿಫ್ಟು, ಪಂಪು, ಮೆಟ್ಟಿಲ ದೀಪಗಳಂಥ ಸಾಮಾನ್ಯ ಬಳಕೆಗೆ ಸೂರ್ಯಘರ್ ಯೋಜನೆ ಕಿಲೋವಾಟ್‌ಗೆ 18,000 ರೂಪಾಯಿಯಂತೆ, 500 ಕಿಲೋವಾಟ್‌ವರೆಗೆ ನೆರವು ಕೊಡುತ್ತದೆ. ಸಾಮಾನ್ಯ ಬಳಕೆಯ ಮೀಟರಿಗೆ ಗೃಹಜ್ಯೋತಿಯ ಉಚಿತ ಯೂನಿಟ್ ಸಿಗದು, ನೀರೆತ್ತುವ ಪಂಪನ್ನು ಹಗಲಲ್ಲೇ ಓಡಿಸಬಹುದು. ಹೀಗಾಗಿ ಸಂಘದ ಲೆಕ್ಕ ಒಂಟಿ ಮನೆಯ ಲೆಕ್ಕಕ್ಕಿಂತ ಸರಳ. ತೊಡಕಿರುವುದು ತಾರಸಿಯ ಹಕ್ಕು ಯಾರದ್ದು ಎಂಬಲ್ಲಿ. ಕಟ್ಟಡ ಕಟ್ಟಿದವರು ಅದನ್ನು ಮೇಲಿನ ಮಹಡಿಯ ಮನೆಗೆ ಬರೆದುಕೊಟ್ಟಿದ್ದರೆ ಫಲಕದ ಮಾತು ತೆಗೆಯುವ ಮುನ್ನ ಕ್ರಯಪತ್ರ ತೆಗೆದು ನೋಡಬೇಕು.