ಕಣದ ಆಯ, ಹೊಲದ ಹಕ್ಕಲು: ಗುಬ್ಬಿ–ಕುಣಿಗಲ್ ಸೀಮೆಯಲ್ಲಿ ಸತ್ಯವೇದದ ಅನ್ವಯ

ಸತ್ಯವೇದದ ಒಂದು ಭಾಗವನ್ನು ದಿನದ ಬದುಕಿಗೆ ಅನ್ವಯಿಸುವುದು ಎಂದಾಗ ನಮ್ಮ ದೇವಶಾಸ್ತ್ರದ ಬರಹಗಳು ಹೆಚ್ಚಾಗಿ ಪ್ರಸಂಗಿಯ ಕಡೆಯಿಂದಲೇ ಯೋಚಿಸುತ್ತವೆ. ವಾಕ್ಯದ ಮೂಲ ಸಂದರ್ಭವೇನು, ತಿರುಳೇನು, ಅದನ್ನು ಸಭೆಗೆ ಹೇಗೆ ಮುಟ್ಟಿಸಬೇಕು ಎಂಬಲ್ಲಿಗೆ ವಿಚಾರ ಮುಗಿಯುತ್ತದೆ. ಕೇಳಿದವರು ಆ ವಾಕ್ಯವನ್ನು ತಮ್ಮ ಮೇಲೆ ತೆಗೆದುಕೊಂಡರೋ ಇನ್ನೊಬ್ಬರ ಮೇಲೆ ಹೊರಿಸಿದರೋ ಎಂದು ಕೇಳುವವರು ಕಡಿಮೆ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯನ್ನು ಮುಂದಿಟ್ಟುಕೊಂಡು ನೋಡಿದರೆ, ಶಿಷ್ಯತ್ವದ ಕಗ್ಗಂಟು ಇರುವುದು ಈ ಎರಡನೆಯ ಪ್ರಶ್ನೆಯಲ್ಲೇ ಎಂಬುದು ಈ ಲೇಖನದ ವಾದ.

ವೆಸ್ಲಿಯನ್ ಮೆಥಡಿಸ್ಟ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆ ಹೂಡಿದ್ದು 1837ರಲ್ಲಿ. ಎರಡು ವರ್ಷದ ಮೇಲೆ ವಿಲಿಯಂ ಆರ್ಥರ್ ಬಂದರು. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ ಇಡೀ ಸತ್ಯವೇದ 1831ರ ಹೊತ್ತಿಗೇ ಕನ್ನಡದಲ್ಲಿ ಅಚ್ಚಾಗಿತ್ತು. ಗುಬ್ಬಿ ವರ್ತಕರ ಊರು, ವೀರಶೈವ ಪರಂಪರೆ ಗಟ್ಟಿಯಾಗಿ ಬೇರೂರಿದ ಊರು. ಮಾತಿಗೆ ಮಾತು ಜೋಡಿಸಬಲ್ಲವರಿಗೆ ಅಲ್ಲಿ ಕೊರತೆಯಿರಲಿಲ್ಲ. ಆರ್ಥರ್ 1847ರಲ್ಲಿ ಪ್ರಕಟಿಸಿದ ಮೈಸೂರು ಮಿಷನ್ನಿನ ಕಥನದಲ್ಲಿ ಜನರೊಡನೆ ನಡೆದ ಇಂಥ ಮಾತುಕತೆಗಳಿಗೆ ದೊಡ್ಡ ಜಾಗವಿದೆ. ಮಿಷನರಿಗಳು ಕನ್ನಡವನ್ನು ಕಿವಿಯಿಂದ ಕಲಿತದ್ದೂ ಇಂಥ ವಾದಗಳಲ್ಲೇ, ಆದ್ದರಿಂದ ಅವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ವಾದದಲ್ಲಿ ವಾಕ್ಯ ಯಾವಾಗಲೂ ಎದುರಾಳಿಯ ಕಡೆಗೇ ಹೋಗುತ್ತದೆ. ಅದನ್ನು ಎತ್ತಿದವನ ನಡತೆ ಪರೀಕ್ಷೆಗೆ ಒಳಗಾಗುವುದಿಲ್ಲ.

ಕೇಳುಗರೇ ವಾಕ್ಯವನ್ನು ತಿದ್ದಹೊರಟ ಒಂದು ಪ್ರಸಂಗ ಇನ್ನೂ ಹಿಂದಿನದು. ಮೈಸೂರು ಸೀಮೆಯಲ್ಲಿ ಬಹುಕಾಲ ದುಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, 1823ರಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಅದನ್ನು ಹೇಳಿಕೊಂಡಿದ್ದಾರೆ. ಅವರು ತಪ್ಪಿಹೋದ ಮಗನ ಸಾಮ್ಯವನ್ನು ವಿವರಿಸಿದ ಮೇಲೆ ವಿಶ್ವಾಸಿಗಳು ನೊಂದುಕೊಂಡರಂತೆ. ಹಬ್ಬಕ್ಕೆ ಕೊಬ್ಬಿದ ಕರುವನ್ನು ಕೊಯ್ದ ಮಾತನ್ನು ಆಡಬಾರದಿತ್ತು. ಬೇರೆಯವರು ಕೇಳಿದರೆ ಕ್ರೈಸ್ತ ಮತವೆಂದರೆ ಕೀಳು ಜಾತಿಯವರ ಮತ ಎಂಬ ಅವರ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಮುಂದೆ ಈ ಕಥೆ ಹೇಳುವಾಗ ಕರುವಿನ ಬದಲು ಕುರಿಮರಿ ಎನ್ನಿ ಎಂದು ಸಲಹೆಯನ್ನೂ ಕೊಟ್ಟರು. ದೇಶಭಾಷೆಗಳಲ್ಲಿ ಸತ್ಯವೇದ ಹಂಚುವುದು ವ್ಯರ್ಥ ಎಂಬ ತಮ್ಮ ನಿಲುವಿಗೆ ದುಬಾಯ್ ಇದನ್ನು ಸಾಕ್ಷಿಯಾಗಿ ಬಳಸಿದರು. ನನಗೆ ಇದು ಬೇರೆಯದನ್ನೇ ತೋರಿಸುತ್ತದೆ. ಲೂಕನ ಹದಿನೈದನೆಯ ಅಧ್ಯಾಯದಲ್ಲಿ ಆ ಕರುವಿನ ಬಗ್ಗೆ ಆಕ್ಷೇಪ ಎತ್ತುವವನು ಒಬ್ಬನಿದ್ದಾನೆ, ಅವನು ಹಿರಿಯ ಮಗ. ಮನೆಯ ಮರ್ಯಾದೆ ಕಳೆದವನಿಗೆ ಕರು ಕೊಯ್ದದ್ದು ಅವನಿಗೆ ಸಹಿಸಲಾಗದು. ತಮ್ಮ ಮರ್ಯಾದೆಗೆ ಕುಂದು ಬಂತೆಂದು ಕಂಗಾಲಾದ ಕೇಳುಗರು ಅರಿವಿಲ್ಲದೆ ಆ ಅಣ್ಣನ ಜಾಗದಲ್ಲೇ ನಿಂತಿದ್ದರು. ಸಾಮ್ಯ ಅವರನ್ನು ಮುಟ್ಟಿತ್ತು. ಪ್ರಾಣಿಯನ್ನು ಬದಲಿಸಿದ್ದರೆ ಆ ಮುಟ್ಟುವಿಕೆಯೇ ತಪ್ಪಿಹೋಗುತ್ತಿತ್ತು. ನೆಲದ ಸಂಸ್ಕೃತಿಗೆ ಒಗ್ಗಿಸುವ ಹೆಸರಿನಲ್ಲಿ ನಾವು ಇಂದಿಗೂ ಮಾಡುವ ಎಷ್ಟೋ ತಿದ್ದುಪಡಿಗಳನ್ನು ಈ ದೃಷ್ಟಿಯಿಂದ ಮರುಪರಿಶೀಲಿಸಬೇಕಾಗಿದೆ.

ವಾಕ್ಯವನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳಲು ಮೆಥಡಿಸ್ಟರ ಬಳಿ ಒಂದು ಸಾಧನವಿತ್ತು. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಸಾಲ ತೀರಿಸಲು ವಾರಕ್ಕೊಂದು ಪೆನ್ನಿ ಸಂಗ್ರಹಿಸಲೆಂದು ಹುಟ್ಟಿದ ಕ್ಲಾಸ್ ಮೀಟಿಂಗ್ ಬಲುಬೇಗ ಆತ್ಮಪರೀಕ್ಷೆಯ ಕೂಟವಾಯಿತು. ಸುಮಾರು ಹನ್ನೆರಡು ಜನ, ಒಬ್ಬ ನಾಯಕ. ಕಳೆದ ವಾರ ಹೇಗೆ ನಡೆದುಕೊಂಡೆ ಎಂದು ಪ್ರತಿಯೊಬ್ಬರೂ ಬಾಯಿಬಿಟ್ಟು ಹೇಳಬೇಕು. ಅಲ್ಲಿ ಪ್ರಸಂಗವಿಲ್ಲ, ಲೆಕ್ಕ ಒಪ್ಪಿಸುವುದಿದೆ. ವಾಕ್ಯವನ್ನು ಕೇಳಿ ಮರೆಯುವವನು ಕನ್ನಡಿಯಲ್ಲಿ ಮುಖ ನೋಡಿ ಮರೆತವನಂತೆ ಎಂದು ಯಾಕೋಬನು ಎಚ್ಚರಿಸಿದ್ದಕ್ಕೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಸಭಾ ಚರಿತ್ರೆಯಲ್ಲಿ ಕಂಡಿಲ್ಲ.

ಇನ್ನು ಅಮೃತೂರಿನ ಸುತ್ತಲಿನ ಹೊಲದ ಕಡೆಯಿಂದ ಓದೋಣ. ಅಮೃತೂರು ಕುಣಿಗಲ್ ತಾಲ್ಲೂಕಿನ ಹೋಬಳಿ ಕೇಂದ್ರ. ತಾಲ್ಲೂಕಿನಲ್ಲೇ ಶಿಂಷಾ ಹೊಳೆಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯವಿದೆ. ನೀರಿದ್ದಲ್ಲಿ ಭತ್ತ, ತೆಂಗು, ಇಲ್ಲದಲ್ಲಿ ರಾಗಿ. ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯ ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಉದುರಿದ ಹಕ್ಕಲನ್ನು ಆಯಬೇಡ, ಬಡವನಿಗೂ ಪರದೇಶಿಗೂ ಬಿಡು ಎಂಬ ವಿಧಿಯನ್ನಿಡುತ್ತದೆ. ಇಲ್ಲಿಯ ರೈತ ಇದನ್ನು ಕೇಳಿದೊಡನೆ, ನಮ್ಮಲ್ಲೂ ಆಯ ಕೊಡುವ ಪದ್ಧತಿ ಇತ್ತಲ್ಲ ಎನ್ನುವುದು ಸಹಜ. 1800ರಲ್ಲಿ ಈ ನಾಡಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕಣದ ರಾಶಿಯಿಂದ ಯಾರ್‍ಯಾರಿಗೆ ಎಷ್ಟೆಷ್ಟು ಅಳೆದುಕೊಡುತ್ತಿದ್ದರು ಎಂಬುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆದರೆ ಆಯ ಬೇರೆ, ಹಕ್ಕಲು ಬೇರೆ. ತೋಟಿ, ತಳವಾರ, ನೀರುಗಂಟಿಗೆ ಆಯ ಸಲ್ಲುತ್ತಿದ್ದದ್ದು ಹುಟ್ಟಿನಿಂದ ಕಟ್ಟಿಬಿದ್ದ ಚಾಕರಿಗೆ. ಕೊಡುವವನ ಕೈ ಮೇಲೆ, ಪಡೆಯುವವನ ಸೆರಗು ಕೆಳಗೆ. ಹಕ್ಕಲಿಗೆ ಚಾಕರಿಯ ಷರತ್ತಿಲ್ಲ, ಬೇಡುವ ಅಗತ್ಯವೂ ಇಲ್ಲ. ಒಡೆಯ ಮಾಡಬೇಕಾದದ್ದು ದಾನವಲ್ಲ, ತನ್ನ ಕೈಯನ್ನು ಹಿಂದಕ್ಕೆ ಹಿಡಿಯುವುದು. ಬೋವಜನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪರದೇಶದ ರೂತಳನ್ನು ಯಾರೂ ಗದರಿಸಬಾರದು, ಕಟ್ಟಿನಿಂದ ತೆನೆಗಳನ್ನು ಬೇಕೆಂದೇ ಅವಳಿಗಾಗಿ ಉದುರಿಸಬೇಕು ಎಂದು ಆಳುಗಳಿಗೆ ಅಪ್ಪಣೆ ಕೊಡುತ್ತಾನೆ. ವಿಧಿ ಶಿಷ್ಯನ ಕೈಯಲ್ಲಿ ಹೇಗೆ ಹಿಗ್ಗುತ್ತದೆ ಎಂಬುದಕ್ಕೆ ಸತ್ಯವೇದವೇ ಕೊಡುವ ಮಾದರಿ ಇದು.

ಈಗ ರಾಗಿಯ ಹೊಲಕ್ಕೂ ಕಟಾವು ಯಂತ್ರ ಇಳಿಯುತ್ತಿದೆ; ಅಂಚು ಬಿಟ್ಟರೂ ಆಯಲು ಬರುವವರಿಲ್ಲ, ಕೂಲಿಗೆ ಬೆಂಗಳೂರಿನ ಬಸ್ಸು ಹತ್ತಿದ್ದಾರೆ. ಹಾಗೆಂದು ಆ ಅಧ್ಯಾಯ ಹಳತಾಗಲಿಲ್ಲ. ಹಕ್ಕಲಿನ ವಿಧಿಯಿಂದ ನಾಲ್ಕೇ ವಚನಗಳಾಚೆ, ಆಳಿನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದು ಎಂಬ ವಿಧಿಯಿದೆ. ಗಾರೆ ಕೆಲಸದ ಮೇಸ್ತ್ರಿಯಾದ ವಿಶ್ವಾಸಿ ಶನಿವಾರದ ಬಟವಾಡೆಯನ್ನು ಮುಂದಿನ ವಾರಕ್ಕೆ ತಳ್ಳಿ ಭಾನುವಾರ ಬೆಳಿಗ್ಗೆ ಆರಾಧನೆಗೆ ಬಂದರೆ, ಅವನು ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದ ಎದುರಿಗೇ ಕೂತಿರುತ್ತಾನೆ. ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ ಎನ್ನುತ್ತಾನೆ ಯಾಕೋಬ. ಇದನ್ನು ಅನ್ಯಾಯಗಾರ ಶ್ರೀಮಂತರ ಮೇಲಿನ ಪ್ರಸಂಗವನ್ನಾಗಿ ಮಾಡುವುದು ಸುಲಭ. ಸಭೆಯೊಳಗಿನ ಮೇಸ್ತ್ರಿಗೂ ಕೂಲಿಯವನಿಗೂ ಒಟ್ಟಿಗೆ ಓದಿಸುವುದು ಕಷ್ಟ, ಆದರೆ ಅನ್ವಯ ಶುರುವಾಗುವುದು ಅಲ್ಲಿಂದ.

1947ರಲ್ಲಿ ಮೆಥಡಿಸ್ಟ್ ಸಭೆಗಳು ದಕ್ಷಿಣ ಭಾರತ ಸಭೆಯಲ್ಲಿ ಕೂಡಿಕೊಂಡವು. 1970ರ ವಿಂಗಡಣೆಯಲ್ಲಿ ಈ ಸೀಮೆ ಕರ್ನಾಟಕ ಮಧ್ಯ ಸಭಾಪ್ರಾಂತಕ್ಕೆ ಸೇರಿತು. ತುಮಕೂರಿನಲ್ಲಿದ್ದ ಕನ್ನಡ ಸೆಮಿನರಿ 1965ರಲ್ಲಿ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಒಂದಾಯಿತು. ಹೀಗೆ ಪಾಂಡಿತ್ಯದ ಕೇಂದ್ರ ದೂರ ಸರಿದರೂ ವಾಕ್ಯ ಬದುಕಿಗೆ ತಾಗುವ ಜಾಗಗಳು ಊರಿನಲ್ಲೇ ಉಳಿದಿವೆ. ಸಂಶೋಧಕರು ಹೆಚ್ಚು ಗಮನಿಸದ ಅಂಥ ಒಂದು ಜಾಗ ಸುಗ್ಗಿ ಹಬ್ಬ. ನಮ್ಮ ಅನೇಕ ಸಭೆಗಳಲ್ಲಿ ಅಂದು ಧರ್ಮೋಪದೇಶಕಾಂಡದ ಪ್ರಥಮಫಲದ ಭಾಗವನ್ನು ಓದುತ್ತಾರೆ. ಆಮೇಲೆ ತೆಂಗಿನಕಾಯಿ, ಕುಂಬಳ, ಕೋಳಿಗಳನ್ನು ಹರಾಜು ಹಾಕುತ್ತಾರೆ. ಹೆಚ್ಚು ಕೂಗಿದವರಿಗೆ ಚಪ್ಪಾಳೆ. ಪರದೇಶಿ, ಅನಾಥ, ವಿಧವೆಯರು ತಿಂದು ತೃಪ್ತರಾಗಬೇಕು ಎನ್ನುವ ಮುಂದಿನ ವಚನಗಳು ಅಷ್ಟು ಹೊತ್ತಿಗೆ ಮರೆತುಹೋಗಿರುತ್ತವೆ. ಆ ವಚನಗಳ ಅನ್ವಯ ನಿರ್ಧಾರವಾಗುವುದು ಹರಾಜಿನ ಹಣ ಎತ್ತ ಹೋಗಬೇಕೆಂದು ಸಭಾ ಸಮಿತಿ ಕೂತು ಚರ್ಚಿಸುವ ಸಂಜೆ. ಆ ಸಮಿತಿಯ ನಡಾವಳಿ ಪುಸ್ತಕಗಳನ್ನು ಪ್ರಸಂಗದ ಪುಸ್ತಕಗಳಷ್ಟೇ ಶ್ರದ್ಧೆಯಿಂದ ಓದುವ ಕೆಲಸ ಗುಬ್ಬಿ, ಕುಣಿಗಲ್ ಸೀಮೆಯಿಂದಲೇ ಆರಂಭವಾಗಬಹುದು.