ಹಲಗೆಗೆ ಎರಡು ಕಾನೂನು

ಬೀದಿಯಲ್ಲಿ ವಾದ್ಯ ಬಾರಿಸಲು ಸರ್ಕಾರದ ಅಪ್ಪಣೆ ಬೇಕೆನ್ನುವುದು ಇವತ್ತಿನ ಮಾತಲ್ಲ. ಹೊಸಪೇಟೆ, ಹಂಪಿ, ಕಂಪ್ಲಿಗಳು 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದವು. ಘೋರ್ಪಡೆಯವರ ಸಂಡೂರು ಸಂಸ್ಥಾನ 1949ರಲ್ಲಿ ಅದಕ್ಕೆ ಸೇರಿತು. ಉತ್ಸವಗಳಲ್ಲಿ ಬೀದಿವಾದ್ಯವನ್ನು ಹದ್ದಿನಲ್ಲಿಡುವ ಅಧಿಕಾರವನ್ನು ಮದ್ರಾಸಿನ 1859ರ ಪೊಲೀಸ್ ಕಾಯ್ದೆ ಅಧಿಕಾರಿಗಳಿಗೆ ಕೊಟ್ಟಿತು. ಸೇಲಂನಲ್ಲಿ ಮಸೀದಿ ಮುಂದಿನ ವಾದ್ಯಕ್ಕಾಗಿ ಜಗಳವೆದ್ದಾಗ, 1883ರಲ್ಲಿ ಮದ್ರಾಸ್ ಹೈಕೋರ್ಟು ಬೀದಿಯಲ್ಲಿ ವಾದ್ಯದೊಂದಿಗೆ ಮೆರವಣಿಗೆ ಹೋಗುವ ಹಕ್ಕನ್ನು ಒಪ್ಪಿತು, ಮ್ಯಾಜಿಸ್ಟ್ರೇಟರ ಆಜ್ಞೆಗೆ ಒಳಪಟ್ಟು.

ಇಲ್ಲೆಲ್ಲ ಕಾನೂನು ಕೇಳಿದ್ದು ಒಂದೇ: ಈ ಸದ್ದಿನಿಂದ ಯಾರ ಪೂಜೆ ಕೆಡುತ್ತೆ? ಬಡಿಯೋನು ಯಾರು, ಒಲ್ಲೆ ಅಂದರೆ ಅವನ ಗತಿ ಏನು ಅಂತ ಅದು ಕೇಳಲಿಲ್ಲ.

ಕೇಳುವುದಿರಲಿ, ಕಾನೂನಿಗೇ ಹಲಗೆ ಬೇಕಿತ್ತು. ಸಾಲಗಾರನ ಹೊಲಮನೆ ಜಪ್ತಿಯಾದರೆ ಡಂಗುರ ಹೊಡೆಸಿ, ಇಲ್ಲವೇ ರೂಢಿಯ ಬೇರೆ ರೀತಿಯಲ್ಲಿ ಸಾರಬೇಕು ಎನ್ನುತ್ತದೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ. ಡಂಗುರದವನು ಯಾವ ಕೇರಿಯಿಂದ ಬರಬೇಕೆಂದು ಅದರಲ್ಲಿಲ್ಲ. ಬರೆಯೋ ಅಗತ್ಯವೇನಿತ್ತು? ಊರಿಗೆ ಗೊತ್ತಿತ್ತು. ಊರ ಚಾಕರಿಯನ್ನು 1895ರ ಮದ್ರಾಸ್ ಕಾಯ್ದೆ ವಂಶಕ್ಕೆ ಕಟ್ಟಿಹಾಕಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆ ಗಂಟು ಬಿಚ್ಚಿತು. ಆದರೆ ಜಾತ್ರೆಗೆ, ಹೆಣಕ್ಕೆ 'ಬಾ, ಬಡಿ' ಅನ್ನೋ ಕರೆ ಕಾಗದ ನೋಡಿ ನಿಲ್ಲುವಂಥದಲ್ಲ.

ಹೀಗೆ ಒಂದೇ ಹಲಗೆಗೆ ಎರಡು ಕಾನೂನು. ಪೊಲೀಸರದು 'ನಿಲ್ಲಿಸು' ಅನ್ನುತ್ತೆ, ಜಾತಿಯದು 'ಬಡಿ' ಅನ್ನುತ್ತೆ. ಬಡಿಯುವವನ ಮನೆಯ ಮದುವೆ ಮೆರವಣಿಗೆ ಊರೊಳಕ್ಕೆ ಬಂದರೆ ಆ ಜಾತಿಯೇ 'ನಿಲ್ಲಿಸು' ಅನ್ನುತ್ತೆ. ಇಂಥ ಮದುವೆ ಮೆರವಣಿಗೆ ತಡೆಯುವುದನ್ನು ದೌರ್ಜನ್ಯವೆಂದು ಹೆಸರಿಟ್ಟು ಹೇಳಲು 2015ರ ತಿದ್ದುಪಡಿಯೇ ಬರಬೇಕಾಯಿತು. ಅಸ್ಪೃಶ್ಯತೆಯ ಹೆಸರಲ್ಲಿ ಸತ್ತ ದನ ಹೊರಿಸುವುದು, ಕಸ ಬಳಿಸುವುದು ಅಪರಾಧವೆಂದು 1976ರ ತಿದ್ದುಪಡಿ ಪಟ್ಟಿ ಮಾಡಿತು. ಆ ಪಟ್ಟಿಯಲ್ಲಿ ಹಲಗೆ ಇಲ್ಲ. 'ಅಂಥದೇ ಬೇರೆ ಕೆಲಸ' ಎಂಬ ಮಾತಿನೊಳಗೆ ನಾವೇ ಅದನ್ನು ಹುಡುಕಿ ತೋರಿಸಬೇಕು.

ಹಂಪಿಯ ವಿಠ್ಠಲ ಗುಡಿಯ ಸಂಗೀತ ಕಂಬಗಳನ್ನು ಯಾರೂ ಬಾರಿಸದಂತೆ ಕಾವಲಿದೆ. ಕಲ್ಲಿಗೆ ಪೆಟ್ಟು ಬೀಳಬಾರದು, ಸರಿ. ಚರ್ಮ ಬಡಿಯುವ ಕೈಗೆ ಕಾವಲು ಯಾವುದು?

1970ರ ದಶಕದಿಂದ ದಲಿತ ಚಳವಳಿ ಇದೇ ಹಲಗೆಯನ್ನು ಜಾಥಾಕ್ಕೆ ತಂದಿತು. ಅಲ್ಲಿ ಬಡಿದವರು ತಮ್ಮ ಇಚ್ಛೆಯಿಂದ ಬಡಿದರು. ವ್ಯತ್ಯಾಸ ಇರುವುದು ಸದ್ದಿನಲ್ಲಲ್ಲ, ಇಚ್ಛೆಯಲ್ಲಿ. ಹಲಗೆಯನ್ನು ಜಾನಪದ ಕಲೆಯೆಂದು ಹೊಗಳುವವರಿಗೆ ದಲಿತ ವಿಮರ್ಶೆ ಮೊದಲು ಕೇಳಬೇಕಾದ್ದು ಇದನ್ನೇ: ಬಡಿಯಲ್ಲ ಅನ್ನೋ ಹಕ್ಕು ಅವನಿಗಿತ್ತೇ?