ಮೂಲಕಣಗಳಿಗೆ ದ್ರವ್ಯರಾಶಿ ಬಂದ ಬಗೆ: ಅಬ್ದುಸ್ ಸಲಾಂ ಮತ್ತು ಕೋಲಾರದ ಗಣಿ



ಬೂದಿಗೆರೆ ಕ್ರಾಸಿನಿಂದ ಹಳೆ ಮದ್ರಾಸ್ ರಸ್ತೆ ಹಿಡಿದು ಪೂರ್ವಕ್ಕೆ ಹೋದರೆ ಹೊಸಕೋಟೆ, ಕೋಲಾರ ದಾಟಿ ಕೆ.ಜಿ.ಎಫ್. ಸೇರುತ್ತೀರಿ. ಆ ಊರು ಚಿನ್ನಕ್ಕೆ ಹೆಸರಾದದ್ದು ನಿಮಗೆಲ್ಲ ಗೊತ್ತು. ಆದರೆ ಅಲ್ಲಿನ ಚಾಂಪಿಯನ್ ರೀಫ್ ಗಣಿಯೊಳಗೆ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, 1965ರಲ್ಲಿ ವಿಜ್ಞಾನಿಗಳು ಹಿಡಿದದ್ದು ಬೇರೆಯದೇ ವಸ್ತು. ವಿಶ್ವಕಿರಣಗಳು ನಮ್ಮ ವಾಯುಮಂಡಲಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೊ ಎಂಬ ಕಣದ ಗುರುತು ಅಲ್ಲಿ ಸಿಕ್ಕಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲೂ ಇಂಥ ಪ್ರಯೋಗ ಫಲ ಕೊಟ್ಟಿತು. ಆದರೆ ಪತ್ರಿಕೆಯಲ್ಲಿ ಮೊದಲು ಅಚ್ಚಾದದ್ದು ಕೋಲಾರದ ವರದಿ, ಎರಡು ವಾರಗಳ ಅಂತರದಲ್ಲಿ. ಈ ಕೆಲಸದ ಮುಂದಾಳುಗಳಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಒಬ್ಬರು. ಹೋಮಿ ಭಾಭಾ ಅವರ ಶಿಷ್ಯರಾಗಿ 1951ರಲ್ಲೇ ಉಪಕರಣ ಹೊತ್ತು ಆ ಗಣಿಗೆ ಇಳಿದವರು ಅವರು.

ಈ ನ್ಯೂಟ್ರಿನೊಗೆ ದ್ರವ್ಯರಾಶಿ ಇದೆಯೇ, ಇಲ್ಲವೇ? ಈ ಪ್ರಶ್ನೆಯ ಹಿಂದೆ ಇನ್ನೂ ದೊಡ್ಡ ಪ್ರಶ್ನೆಯಿದೆ: ಯಾವುದೇ ಮೂಲಕಣಕ್ಕೆ ದ್ರವ್ಯರಾಶಿ ಎಲ್ಲಿಂದ ಬಂತು?

ಮೊದಲು ಪದದ ಗೊಂದಲ ಬಿಡಿಸೋಣ. ಕನ್ನಡ ಪಠ್ಯದಲ್ಲಿ ದ್ರವ್ಯರಾಶಿ, ಉರ್ದು ಪಠ್ಯದಲ್ಲಿ ಕಮಿಯತ್. ಮಕ್ಕಳು ಎರಡನ್ನೂ ತೂಕ, ವಜನ್ ಎಂದೇ ಬರೆಯುತ್ತಾರೆ. ತೂಕ ಭೂಮಿ ಎಳೆಯುವುದರಿಂದ ಬರುವುದು. ದ್ರವ್ಯರಾಶಿ ಎಂದರೆ ತನ್ನ ಚಲನೆಯನ್ನು ಬದಲಿಸಲು ಹೊರಟವರಿಗೆ ವಸ್ತು ತೋರುವ ಹಠ. ಅದು ಸೊನ್ನೆಯಾದರೆ ಕಣ ನಿಲ್ಲುವ ಹಾಗೇ ಇಲ್ಲ, ಸದಾ ಬೆಳಕಿನ ವೇಗದಲ್ಲಿ ಓಡುತ್ತಿರಬೇಕು.

ಪಂಜಾಬಿನ ಝಂಗ್ ಪಟ್ಟಣದಲ್ಲಿ ಬೆಳೆದ ಅಬ್ದುಸ್ ಸಲಾಂ (1926–1996) ಡಾಕ್ಟರೇಟ್ ಪರೀಕ್ಷೆಗೆ ಕುಳಿತಾಗ ಪರೀಕ್ಷಕರಾದ ಪೈಯರ್ಲ್ಸ್ ಒಂದು ಪ್ರಶ್ನೆ ಹಾಕಿದರು. ಬೆಳಕಿನ ಕಣದ ದ್ರವ್ಯರಾಶಿ ಸೊನ್ನೆ. ಅದಕ್ಕೆ ವಿದ್ಯುತ್ಕಾಂತ ನಿಯಮಗಳಲ್ಲಿರುವ ಸಮಮಿತಿ ಕಾರಣ. ನ್ಯೂಟ್ರಿನೊದ ದ್ರವ್ಯರಾಶಿ ಸೊನ್ನೆಯಾಗಲು ಏನು ಕಾರಣ? ಉತ್ತರ ಕೇಳಿದವರಿಗೂ ಗೊತ್ತಿರಲಿಲ್ಲ. 1956ರಲ್ಲಿ ಅಮೆರಿಕದಿಂದ ಲಂಡನ್ನಿಗೆ ಮರಳುವಾಗ, ಸೈನಿಕರ ಮಕ್ಕಳ ಅಳುವಿನಿಂದ ನಿದ್ದೆ ಹತ್ತದ ವಿಮಾನದಲ್ಲಿ, ಸಲಾಂ ಅವರಿಗೆ ಉತ್ತರ ಹೊಳೆಯಿತು. ನ್ಯೂಟ್ರಿನೊ ಎಡಗೈ ತಿರುಪಿನಂತೆ ಮಾತ್ರ ಸುತ್ತುತ್ತದೆ ಎಂದುಕೊಳ್ಳಿ. ಅದಕ್ಕೆ ದ್ರವ್ಯರಾಶಿ ಇದ್ದರೆ ನಾವು ಅದನ್ನು ಹಿಂದೆ ಹಾಕಿ ತಿರುಗಿ ನೋಡಬಹುದು. ಆಗ ಅದೇ ಕಣ ಬಲಗೈ ತಿರುಪಿನಂತೆ ಕಾಣುತ್ತದೆ. ಹಾಗಾಗಬಾರದೆಂದರೆ ಅದನ್ನು ಯಾರೂ ಹಿಂದೆ ಹಾಕಲಾಗಬಾರದು, ಅಂದರೆ ದ್ರವ್ಯರಾಶಿ ಸೊನ್ನೆಯಿರಬೇಕು. ಹಿರಿಯ ವಿಜ್ಞಾನಿ ಪೌಲಿ ಇದಕ್ಕಿಂತ ಒಳ್ಳೆಯದನ್ನು ಯೋಚಿಸು ಎಂದು ಹೇಳಿ ಕಳುಹಿಸಿದರು. ಸಲಾಂ 1957ರಲ್ಲಿ ಪ್ರಕಟಿಸಿಯೇ ಬಿಟ್ಟರು.

ಸಮಮಿತಿ ದ್ರವ್ಯರಾಶಿಯನ್ನು ಒಪ್ಪುವುದಿಲ್ಲ ಎಂಬುದೇ ಮುಂದೆ ದೊಡ್ಡ ತೊಡಕಾಯಿತು. ಸೂರ್ಯ ಉರಿಯುವುದರಲ್ಲಿ, ಕೆಲವು ವಿಕಿರಣಗಳಲ್ಲಿ ಕೆಲಸ ಮಾಡುವ ದುರ್ಬಲ ಬಲವೂ ಬೆಳಕಿನಂಥದೇ ಸಮಮಿತಿಯ ನಿಯಮಕ್ಕೆ ಒಳಪಟ್ಟಿರಬೇಕೆಂದು ತೋರುತ್ತಿತ್ತು. ಹಾಗಾದರೆ ಅದನ್ನು ಒಯ್ಯುವ ಕಣಗಳಿಗೆ ದ್ರವ್ಯರಾಶಿ ಇರಕೂಡದು. ಆದರೆ ಆ ಬಲ ಪರಮಾಣು ಕೇಂದ್ರದೊಳಗೇ ಮುಗಿದುಹೋಗುತ್ತದೆ. ಅಷ್ಟು ಗಿಡ್ಡ ಕೈ ಇರಬೇಕಾದರೆ ಒಯ್ಯುವ ಕಣ ಬಹಳ ಭಾರವಾಗಿರಬೇಕು. ದುರ್ಬಲ ಬಲ ಎಡ ತಿರುಪನ್ನೂ ಬಲ ತಿರುಪನ್ನೂ ಬೇರೆಬೇರೆಯಾಗಿ ಕಾಣುವುದರಿಂದ ಎಲೆಕ್ಟ್ರಾನಿಗೂ ಇದೇ ಗತಿ. ಎಲೆಕ್ಟ್ರಾನಿಗೆ ದ್ರವ್ಯರಾಶಿ ಇಲ್ಲದಿದ್ದರೆ ಪರಮಾಣುವೇ ಇಲ್ಲ, ಬೂದಿಗೆರೆಯೂ ಇಲ್ಲ!

ಬುಗುರಿಯನ್ನು ನೆನೆಸಿಕೊಳ್ಳಿ. ನೆಟ್ಟಗೆ ನಿಂತು ತಿರುಗುವಾಗ ಅದಕ್ಕೆ ಎಲ್ಲ ದಿಕ್ಕೂ ಒಂದೇ. ಕೊನೆಗೆ ಯಾವುದೋ ಒಂದು ಕಡೆಗೆ ಬೀಳುತ್ತದೆ. ನಿಯಮ ಯಾವ ದಿಕ್ಕಿನ ಪಕ್ಷವನ್ನೂ ವಹಿಸಿಲ್ಲ, ಬಿದ್ದ ಬುಗುರಿ ಮಾತ್ರ ಒಂದು ದಿಕ್ಕನ್ನು ತೋರಿಸುತ್ತಿದೆ. ಇದೇ ಸಮಮಿತಿ ಭಂಗ. 1964ರಲ್ಲಿ ಬ್ರಸೆಲ್ಸ್‌ನ ಬ್ರೌಟ್ ಮತ್ತು ಎಂಗ್ಲರ್ಟ್, ಎಡಿನ್‌ಬರೋದ ಪೀಟರ್ ಹಿಗ್ಸ್, ಬಳಿಕ ಲಂಡನ್ನಿನಲ್ಲಿ ಗುರಾಲ್ನಿಕ್, ಹೇಗನ್, ಕಿಬ್ಬಲ್ ಹೇಳಿದ್ದು ಇಷ್ಟು: ಖಾಲಿ ಎನಿಸುವ ಜಾಗದಲ್ಲೆಲ್ಲ ಒಂದು ಕ್ಷೇತ್ರ ತುಂಬಿದೆ. ವಿಶ್ವ ತಣಿದಾಗ ಅದು ಬುಗುರಿಯಂತೆ ಸೊನ್ನೆಯಿಂದ ಜಾರಿ ಒಂದು ಬೆಲೆಯಲ್ಲಿ ನೆಲೆನಿಂತಿತು. ಅದರೊಂದಿಗೆ ಸಂಬಂಧವುಳ್ಳ ಕಣಗಳಿಗೆ ದ್ರವ್ಯರಾಶಿ ಬಂತು. ಸಂಬಂಧವಿಲ್ಲದ ಬೆಳಕಿನ ಕಣ ಹಾಗೆಯೇ ಉಳಿಯಿತು. ಮದ್ರಾಸಿನಲ್ಲಿ ಹುಟ್ಟಿದ ಟಾಮ್ ಕಿಬ್ಬಲ್ ಲಂಡನ್ನಿನಲ್ಲಿ ಸಲಾಂ ಅವರ ಸಹೋದ್ಯೋಗಿ. ಸಲಾಂ ಈ ವಿದ್ಯೆ ಕಲಿತದ್ದು ಅವರಿಂದಲೇ. ಇದನ್ನು ದುರ್ಬಲ ಬಲಕ್ಕೂ ವಿದ್ಯುತ್ಕಾಂತ ಬಲಕ್ಕೂ ಒಟ್ಟಿಗೆ ಹೊಂದಿಸಿ 1967ರಲ್ಲಿ ಸ್ಟೀವನ್ ವೈನ್‌ಬರ್ಗ್, 1968ರಲ್ಲಿ ಸಲಾಂ ಬೇರೆಬೇರೆಯಾಗಿ ಸಿದ್ಧಾಂತ ಮಂಡಿಸಿದರು.

ಹಿಗ್ಸ್ ಕ್ಷೇತ್ರವನ್ನು ಕೆಸರುಗದ್ದೆಗೆ ಹೋಲಿಸುವ ರೂಢಿಯಿದೆ. ನನಗೆ ಆ ಹೋಲಿಕೆ ಸರಿಯೆನಿಸದು. ಕೆಸರು ಓಡುವವನನ್ನು ನಿಲ್ಲಿಸುತ್ತದೆ; ಈ ಕ್ಷೇತ್ರದಲ್ಲಿ ಹೊರಟ ಕಣ ತನ್ನ ವೇಗದಲ್ಲೇ ಹೋಗುತ್ತಿರುತ್ತದೆ, ವೇಗ ಬದಲಿಸುವುದಷ್ಟೇ ಕಷ್ಟ. ಇನ್ನೊಂದು ಮಾತು: ನಮ್ಮ ಮೈಯ ದ್ರವ್ಯರಾಶಿಯೆಲ್ಲ ಹಿಗ್ಸ್ ಕೊಟ್ಟದ್ದಲ್ಲ. ಪ್ರೋಟಾನಿನಲ್ಲಿ ಸುಮಾರು ನೂರರಲ್ಲಿ ಒಂದು ಪಾಲು ಮಾತ್ರ ಅದರದು, ಉಳಿದದ್ದು ಒಳಗಿನ ಕ್ವಾರ್ಕುಗಳನ್ನು ಬಿಗಿದಿಟ್ಟ ಶಕ್ತಿಯದು.

1979ರಲ್ಲಿ ಗ್ಲ್ಯಾಶೋ, ವೈನ್‌ಬರ್ಗ್ ಅವರೊಂದಿಗೆ ಸಲಾಂ ನೊಬೆಲ್ ಪಡೆದರು. 1983ರಲ್ಲಿ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಡಬ್ಲ್ಯೂ ಮತ್ತು ಝಡ್ ಕಣಗಳು ಸಿಕ್ಕವು. ಒಂದೊಂದೂ ಪ್ರೋಟಾನಿನ 80 ಪಟ್ಟಿಗಿಂತ ಹೆಚ್ಚು ಭಾರ. 2012ರ ಜುಲೈ 4ರಂದು ಅಲ್ಲೇ ಹಿಗ್ಸ್ ಕಣ ಸಿಕ್ಕ ಘೋಷಣೆಯಾಯಿತು. ಅದನ್ನು ಕಂಡ ಎರಡು ಉಪಕರಣಗಳಲ್ಲಿ ಒಂದಾದ ಸಿ.ಎಂ.ಎಸ್.ಗೆ ಭಾರತ ಕೊಟ್ಟ ಸಿಲಿಕಾನ್ ಪತ್ತೆಕಾರಿಗಳು ತಯಾರಾದದ್ದು ನಮ್ಮ ಬೆಂಗಳೂರಿನ ಬಿ.ಇ.ಎಲ್.ನಲ್ಲಿ.

ಕೋಲಾರಕ್ಕೆ ಮರಳೋಣ. ಸಲಾಂ ಮತ್ತು ಒಡಿಶಾದ ಜೋಗೇಶ್ ಪತಿ 1970ರ ದಶಕದಲ್ಲಿ ಇನ್ನೂ ದೊಡ್ಡ ಸಮಮಿತಿಯೊಂದನ್ನು ಊಹಿಸಿದರು. ಅದು ನಿಜವಾದರೆ ಪ್ರೋಟಾನ್ ಕೂಡ ಎಂದೋ ಒಂದು ದಿನ ಒಡೆಯಬೇಕು. ಇದನ್ನು ಪರೀಕ್ಷಿಸಲು 1980ರಲ್ಲಿ ಅದೇ ಗಣಿಯ ಆಳದಲ್ಲಿ 140 ಟನ್ ತೂಕದ ಉಪಕರಣ ಹೂಡಲಾಯಿತು. ಒಡೆದಂತೆ ಕಂಡ ಕೆಲವು ಗುರುತುಗಳೂ ಸಿಕ್ಕವು, ಆದರೆ ಬೇರೆಡೆಯ ದೊಡ್ಡ ಉಪಕರಣಗಳು ಅದನ್ನು ಸಮರ್ಥಿಸಲಿಲ್ಲ. 1990ರ ದಶಕದ ಆರಂಭದಲ್ಲಿ ಪ್ರಯೋಗಗಳು ನಿಂತವು. 2001ರ ಫೆಬ್ರುವರಿ 28ರಂದು ಗಣಿಯೇ ಮುಚ್ಚಿತು.

1998ರಲ್ಲಿ ಜಪಾನಿನ ಸೂಪರ್ ಕಾಮಿಯೋಕಾಂಡೆ ಎಂಬ 50,000 ಟನ್ ನೀರಿನ ತೊಟ್ಟಿ, ಕೋಲಾರದಲ್ಲಿ ಮೊದಲು ಕಂಡ ಅದೇ ಬಗೆಯ ನ್ಯೂಟ್ರಿನೊಗಳು ದಾರಿಯಲ್ಲಿ ತಮ್ಮ ಬಗೆ ಬದಲಿಸುತ್ತವೆ ಎಂದು ತೋರಿಸಿತು. ದ್ರವ್ಯರಾಶಿ ಸೊನ್ನೆಯಿದ್ದರೆ ಅದು ಸಾಧ್ಯವಿಲ್ಲ. ಸಲಾಂ ಆಗ ತೀರಿಕೊಂಡು ಒಂದೂವರೆ ವರ್ಷ ಕಳೆದಿತ್ತು. ನ್ಯೂಟ್ರಿನೊದ ದ್ರವ್ಯರಾಶಿ ಎಲೆಕ್ಟ್ರಾನಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದು ಹಿಗ್ಸ್ ಕ್ಷೇತ್ರದಿಂದ ಮಾತ್ರ ಬಂದದ್ದೋ, ಬೇರೊಂದು ಸಮಮಿತಿ ಎಲ್ಲೋ ಮುರಿದದ್ದರಿಂದ ಬಂದದ್ದೋ ಇನ್ನೂ ತೀರ್ಮಾನವಾಗಿಲ್ಲ. ಪೈಯರ್ಲ್ಸ್ ಅವರ ಪ್ರಶ್ನೆ ಈಗ ತಿರುಗಿ ನಿಂತಿದೆ: ಸೊನ್ನೆ ಏಕೆ ಎಂದಲ್ಲ, ಸೊನ್ನೆಯಾಗದೆ ಇಷ್ಟು ಕಡಿಮೆ ಏಕೆ ಎಂದು.